ರಕ್ಕಸ ಸೋಲುವ ತನಕ

ಸುಗುಣ ಗಾಜಿನ ಕಪಾಟಿನ ಆಟಿಕೆಗಳನ್ನು ಒಂದೊಂದಾಗಿ ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೊದಲಿದ್ದ ಜಾಗದಲ್ಲೇ ಇಡುತ್ತಿದ್ದಳು. ತಾಳ ಬಡಿಯುವ ಮಂಗ ಸದ್ದು ಮಾಡದಂತೆ ಅದರ ಎರಡೂ ಕೈಗಳನ್ನು ಒತ್ತಿ ಹಿಡಿದು ಒರೆಸಿದಳು. ಕುಂದಾಪುರದ ಆ ಅಂಗಡಿಗೆ ಅವಳು ಸೇರಿ ಎರಡು ವರ್ಷವಾಗಿತ್ತು. ಅಷ್ಟರಲ್ಲಿ ಗಿರಾಕಿಗಳ ಹತ್ತಿರ ಅವಳು ಆಡಿದ ಮಾತನ್ನೆಲ್ಲ ಬರೆದರೆ ಒಂದು ಪೋಸ್ಟ್‌ಕಾರ್ಡು ತುಂಬುತ್ತಿರಲಿಲ್ಲ.

ಯಜಮಾನ ರತ್ನಾಕರ ದೊಡ್ಡದೊಂದು ಪೆಟ್ಟಿಗೆಯನ್ನು ತಂದು ಮೇಜಿನ ಮೇಲೆ ಇಟ್ಟ.

“ಸುಗುಣಾ, ಆ ಮಂಗನ್ ಬಿಡ್, ಇಲ್ಲ್ ಕಾಣ್. ಮುಂಬಯಿ ಕಂಪೆನಿಯವ್ರ್ ಕಳ್ಸಿದ್ ಯುದ್ಧದ ಆಟ. ಸಂಜಿ ಐದ್ ಗಂಟಿಗೆ ಅವ್ರ ಏಜೆಂಟ್ ಪ್ರೇಮಾನಂದ ಬತ್ರ್. ಹನ್ನೆರಡ್ ಪೆಟ್ಗಿ ತಕಂಬುದಾ ಬೇಡ್ದಾ ಅಂದ್ ಹೇಳ್ಕ್. ನಂಗ್ ಬ್ಯಾಂಕಿಗೆ ಹೋಯ್ಕ್. ನೀನೇ ಬಿಡ್ಸಿ ಕಂಡ್, ಹ್ಯಾಂಗ್ ಆಡುದ್ ಅಂದ್ ಅವ್ರ ಎದ್ರಿಗೆ ಬಾಯ್ ಬಿಟ್ಟ್ ಹೇಳ್ಕ್.”

“ನಾನಾ?”

“ನೀನೇ. ಬೈಂದೂರಂಗ್ಡಿ ಕೌಂಟರ್ ನಿಂಗ್ ಕೊಡ್ಕ್ ಅಂದ್ ನಿನ್ನಮ್ಮ ಮೂರ್ ಸರ್ತಿ ಹೇಳ್ರ್. ಮಾತೇ ಆಡ್ದಿದ್ದವ್ಳನ್ನ ಕೌಂಟರಲ್ ಕೂರ್ಸಿ ಎಂತ, ಪೂಜಿ ಮಾಡುದಾ? ಇವತ್ತ್ ಮಾತಾಡ್ ಕಾಂಬ. ಮಾತಾಡ್ರೆ ಬೈಂದೂರ್ ಕೌಂಟರ್ ನಿಂದೇ.”

ಬೈಂದೂರಿನಲ್ಲಿ ರತ್ನಾಕರನ ಹೊಸ ಅಂಗಡಿ ಬರುವ ತಿಂಗಳು ಶುರುವಾಗುವುದಿತ್ತು. ಸುಗುಣಳ ಮನೆ ಬಿಜೂರಿನಲ್ಲಿ. ಅಲ್ಲಿಂದ ಕುಂದಾಪುರಕ್ಕೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಬಸ್ಸಿನಲ್ಲಿ ನಿಂತೇ ಪ್ರಯಾಣ. ಅವಳು ಇಳಿಯುವಾಗ ಕತ್ತಲಾಗಿರುತ್ತಿತ್ತು. ಅಮ್ಮ ಟಾರ್ಚ್ ಹಿಡಿದು ರಸ್ತೆಯ ಬದಿಯಲ್ಲಿ ನಿಂತಿರುತ್ತಿದ್ದರು. ಬಸ್ಸು ತಡವಾದಷ್ಟು ಹೊತ್ತೂ ನಿಂತಿರುತ್ತಿದ್ದರು. ಬೈಂದೂರಾದರೆ ಹತ್ತಿರ, ಬೆಳಕಿರುವಾಗಲೇ ಮನೆ ಸೇರಬಹುದು. ಅಮ್ಮ ಒಳಗೆ ಕೂತಿರಬಹುದು. ಸುಗುಣ ಬೇಡುತ್ತಿದ್ದದ್ದು ಅಷ್ಟೇ.

ಅವಳು ಪೆಟ್ಟಿಗೆ ಬಿಚ್ಚಿದಳು. ಮುಚ್ಚಳದ ಮೇಲೆ ಚಿನ್ನದ ಕವಚ ತೊಟ್ಟ ರಾಜನೊಬ್ಬ ಬೆಂಕಿಯ ನಡುವೆ ಕತ್ತಿ ಎತ್ತಿದ್ದ. ಎದುರಿಗೆ ಕೊಂಬಿನ ರಕ್ಕಸ, ಕೆಂಪು ಕಣ್ಣು, ನೀಲಿ ರೆಕ್ಕೆ. ಒಳಗೆ ನೋಡಿದರೆ ಎಲ್ಲವೂ ಬೂದಿ ಬಣ್ಣ. ಕಿಟಕಿಯ ಸರಳಿನಂಥ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಕೈ, ಕಾಲು, ತಲೆ, ಕತ್ತಿ ಬೇರೆ ಬೇರೆಯಾಗಿ ಅಂಟಿಕೊಂಡಿದ್ದವು. ಜತೆಗೆ ಹತ್ತು ದಾಳಗಳು, ದಪ್ಪದೊಂದು ಇಂಗ್ಲಿಷ್ ಪುಸ್ತಕ.

ಹೊರಡಲಿದ್ದ ರತ್ನಾಕರ ಇಣುಕಿ ನೋಡಿದ. “ಬಣ್ಣ ಎಲ್ಲ್ ಹೋಯ್ತ್? ಹಾಳಾದ್ ಮಾಲ್ ಕಳ್ಸಿರಾ ಹ್ಯಾಂಗೆ?”

ಸುಗುಣ ಪುಸ್ತಕದ ಕೊನೆಯ ಪುಟ ತೋರಿಸಿದಳು. ಒಂದು ಕೈ ಕುಂಚ ಹಿಡಿದು ಸೈನಿಕನಿಗೆ ಬಣ್ಣ ಹಚ್ಚುವ ಚಿತ್ರ ಅಲ್ಲಿತ್ತು.

“ದುಡ್ಡ್ ಕೊಟ್ಟವ್ನೇ ಬಣ್ಣವೂ ಬಳೀಕಾ! ಲಾಯ್ಕಿತ್ತ್ ಮರಾಯ್ತಿ ಇವ್ರ್ ಯಾಪಾರ,” ಎನ್ನುತ್ತ ರತ್ನಾಕರ ಬೈಕ್ ಹತ್ತಿದ.

ಓದಲು ಬಾರದ ಪುಸ್ತಕವನ್ನು ಸುಗುಣ ಚಿತ್ರಗಳಲ್ಲೇ ಓದಿದಳು. ಕಪಾಟಿನಿಂದ ಉಗುರು ಕತ್ತರಿಸುವ ಕಟರ್ ತೆಗೆದು ಒಂದೊಂದೇ ತುಂಡನ್ನು ಬಿಡಿಸಿದಳು. ಅಂಟು ಬೇಕಿರಲಿಲ್ಲ, ಒತ್ತಿದರೆ ಟಕ್ಕೆಂದು ಕೂರುತ್ತಿತ್ತು. ಒಬ್ಬ ಯೋಧನಿಗೆ ರಕ್ಕಸನ ತಲೆ ಕೂರಿಸಿ ಮತ್ತೆ ಕಿತ್ತಳು. ಹೆಬ್ಬೆರಳಿನಷ್ಟು ಗೊಂಬೆಗೆ ಬೆನ್ನ ಹಿಂದೆ ಪಟ್ಟಿ, ಪಟ್ಟಿಗೊಂದು ಕೊಂಡಿ, ಕೊಂಡಿಗೆ ತೂತು. ನಿಲ್ಲಿಸಿದ ಮೇಲೆ ಆ ಬದಿಯನ್ನು ಯಾರೂ ನೋಡುವುದಿಲ್ಲ. ಆದರೂ ಎಲ್ಲೋ ಯಾರೋ ಕೂತು ಅದನ್ನು ಬಿಡದೆ ಕೆತ್ತಿದ್ದರು. ಸುಗುಣಳಿಗೆ ಆ ಕಾಣದ ಮನುಷ್ಯ ತನ್ನವನೇ ಅನ್ನಿಸಿತು. ಹನ್ನೊಂದು ಗಂಟೆಯ ಹೊತ್ತಿಗೆ ಮೇಜಿನ ಮೇಲೆ ಎರಡು ಸೈನ್ಯಗಳು ಎದುರುಬದುರಾಗಿ ನಿಂತಿದ್ದವು.

ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಗ ಪಕ್ಕದಂಗಡಿಯ ದರ್ಜಿ ದುಗ್ಗಪ್ಪ ಗುಂಡಿ ಕೇಳಲು ಬಂದ.

ದುಗ್ಗಪ್ಪನಿಗೆ ಹೊಲಿಗೆ ಹೊಟ್ಟೆಪಾಡು, ಯಕ್ಷಗಾನದ ತಾಳಮದ್ದಳೆಯಲ್ಲಿ ಕೂತು ಪಾತ್ರದ ಅರ್ಥ ಹೇಳುವುದು ಜೀವ. ಬ್ಲೌಸಿನ ಅಳತೆ ತಗೊಳ್ಳುವಾಗಲೂ ರಾಜನ ಧಾಟಿಯಲ್ಲೇ ಮಾತಾಡುವವನು. ರಕ್ಕಸನನ್ನು ಕಂಡವನೇ ಗುಂಡಿ ಮರೆತ.

“ಹ್ವಾಯ್! ಇದ್ ಸಮಾ ರಕ್ಕಸನ ಬಣ್ಣದ ವೇಷ ಅಲ್ದಾ! ಆಚಿ ಬದಿ ಕಿರೀಟ ಹಾಕ್ದವ್ರ್, ಈಚಿ ಬದಿ ಅಸುರ್ರ್. ಸುಗುಣಾ, ಹೆಣೆ, ಇದ್ ಆಟ ಅಲ್ಲ, ಯಕ್ಷಗಾನ ಪ್ರಸಂಗ! ನೀನ್ ಸುಮ್ನೆ ಕೂಕೋ, ನಾನ್ ನಡೆಸ್ತೆ.”

ಸುಗುಣ ಸುಮ್ಮನೆ ಕೂತಳು. ಅದು ಅವಳಿಗೆ ಮೊದಲೇ ಬರುತ್ತಿತ್ತು.

ದುಗ್ಗಪ್ಪನ ಅಂಗಡಿಯಲ್ಲಿ ಪೇಪರು ಓದುತ್ತಿದ್ದ ನಿವೃತ್ತ ಮೇಷ್ಟ್ರು ಚಂದಯ್ಯ ಇಂಗ್ಲಿಷ್ ಪುಸ್ತಕ ಓದಿ ಹೇಳಲು ಬಂದರು. ಮೊದಲ ಪುಟದಿಂದಲೇ ಶುರು ಮಾಡಿದರು. “ಸಣ್ಣ ತುಂಡುಗಳನ್ನು ಮಕ್ಕಳು ನುಂಗಬಾರದು” ಎಂಬುದನ್ನು ಎರಡು ಸಲ ಓದಿದರು. ಆಮೇಲೆ ಏಳು ಲೋಕಗಳ ಹುಟ್ಟು, ನಾಲ್ಕು ವಂಶಗಳ ಜಗಳ, ಸೂರ್ಯ ಒಡೆದ ಕತೆ. ಮುಕ್ಕಾಲು ಗಂಟೆಯಾದರೂ ಒಬ್ಬ ಸೈನಿಕನೂ ಕದಲಲಿಲ್ಲ.

“ಮೇಷ್ಟ್ರೇ, ಪೀಠಿಕೆ ಸಾಕ್,” ಎಂದ ದುಗ್ಗಪ್ಪ. “ಯುದ್ಧಕ್ಕೆ ಬನಿ.”

ಚಂದಯ್ಯ ಹಾಳೆ ತಿರುಗಿಸಿದರು. ಯೋಧ ಒಂದು ಸಲಕ್ಕೆ ಆರು ಇಂಚು ನಡೆಯಬಹುದು, ಟೇಪಿನಲ್ಲಿ ಅಳೆಯಬೇಕು. ಶತ್ರುವಿಗೆ ಎರಡು ಇಂಚಿನೊಳಗೆ ಬಂದರೆ ದಾಳ ಹಾಕಿ ಕಾದಾಡಬೇಕು. ಇಂಚು ಎಂದದ್ದೇ ತಡ, ದುಗ್ಗಪ್ಪ ಕೊರಳಿಗೆ ಹಾಕಿಕೊಂಡಿದ್ದ ಅಳತೆ ಟೇಪನ್ನು ಜನಿವಾರ ಮುಟ್ಟಿದಷ್ಟು ಭಕ್ತಿಯಿಂದ ತೆಗೆದ. ಕವಚದ ರಾಜನನ್ನು ಎಲ್ಲರಿಗಿಂತ ಮುಂದೆ ನಡೆಸಿದ.

“ಇದ್ ಆರೂವರೆ ಆಯ್ತಲ್ದಾ?” ಎಂದರು ಚಂದಯ್ಯ.

“ಆರ್ ಇಂಚ್ ಅಳತಿ, ಅರ್ಧ ಇಂಚ್ ಹೊಲ್ಗಿಗೆ. ಮೂವತ್ತ್ ವರ್ಷದ್ ಅಭ್ಯಾಸ ಮೇಷ್ಟ್ರೇ, ಕೈ ಕೇಂತಿಲ್ಲೆ.”

ರಕ್ಕಸರ ಕಡೆಯಿಂದ ಆಡಲು ಯಾರೂ ಒಪ್ಪಲಿಲ್ಲ. ಅಂಗಡಿಯ ಮೆಟ್ಟಿಲಿನಲ್ಲಿ ಮೀನು ಮಾರುವ ವನಜಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದಳು. “ಒಣಮೀನ್ ಬಣ್ಣದ್ ಗೊಂಬಿಗೆ ಇಷ್ಟ್ ಹೆದ್ರುದಾ? ಕೊಡಿ ಇಲ್ಲ್. ಗಿರಾಕಿಗಳತ್ರ ನಾನ್ ದಿನಾ ಮಾಡುದೂ ಯುದ್ಧವೇ.”

ದುಗ್ಗಪ್ಪ ರಾಜನ ಪರವಾಗಿ ಕಾಲು ಗಂಟೆ ಅರ್ಥ ಹೇಳಿದ. ಅಧರ್ಮ ಅಂದ, ಭೂಭಾರ ಅಂದ. ವನಜಕ್ಕ “ಆಯ್ತಾ?” ಎಂದು ಕೇಳಿ ದಾಳ ಹಾಕಿದಳು. ಮೂರು ಆರು ಬಿದ್ದವು. ರಾಜ ಸತ್ತ.

ಅಷ್ಟರಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು.

“ಈ ಆಟ ಲೆಕ್ಕಕ್ಕಿಲ್ಲೆ,” ಎಂದ ದುಗ್ಗಪ್ಪ. “ರಕ್ಕಸ ಗೆದ್ದ್ ಮೇಲೆ ಮಂಗಳ ಹಾಡುಕಾತ್ತಾ? ನಮ್ಮೂರಂಗೆ ಬೆಳಗಿನೊಳ್ಗೆ ರಕ್ಕಸ ಬೀಳ್ದಿದ್ ಬಯಲಾಟ ಯಾರಾರೂ ಕಂಡಿದ್ರಾ? ಇನ್ನೊಂದ್ ಸರ್ತಿ ಹೂಡಿ.”

ಎರಡನೆಯ ಸಲವೂ ರಾಜ ಮುಂದೆ ಹೋದ, ವನಜಕ್ಕ “ಆಯ್ತಾ?” ಎಂದಳು, ರಾಜ ಸತ್ತ. ಮೂರನೆಯ ಸಲ ರಾಜನ ಬದಲು ಕುದುರೆಯವನು ಸತ್ತ. ಅವನನ್ನು ಮೀನಿನ ವಾಸನೆಗೆ ಬಂದಿದ್ದ ಬೆಕ್ಕು ಬಾಯಲ್ಲಿ ಕಚ್ಚಿಕೊಂಡು ಓಡಿತು. ಧರ್ಮದ ಪಕ್ಷದವರೆಲ್ಲ ಬಸ್‌ಸ್ಟ್ಯಾಂಡಿನವರೆಗೆ ಓಡಿ ಕುದುರೆಯನ್ನು ಬಿಡಿಸಿಕೊಂಡು ಬಂದರು. ಅಷ್ಟರಲ್ಲಿ ರಾಜನೂ ಸತ್ತಿದ್ದ.

ಗಂಟೆ ಮೂರಾಯಿತು. ಮೇಜು ಖಾಲಿಯಾದರೆ ತಾನೊಮ್ಮೆ ಆಡಿ ನೋಡಿ, ಪ್ರೇಮಾನಂದರಿಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳಬೇಕು ಎಂದು ಸುಗುಣ ಕಾದಳು. “ಮೇಜು ಬೇಕಿತ್ತು” ಎಂಬ ಎರಡು ಪದ ಹೇಳುವ ಬದಲು ತಾಳದ ಮಂಗನನ್ನು ಇನ್ನೊಮ್ಮೆ ಒರೆಸಿದಳು.

ರತ್ನಾಕರ ಬಂದಾಗ ಅವನ ಅಂಗಡಿಗೆ ಅವನಿಗೇ ಜಾಗವಿರಲಿಲ್ಲ. “ಎಂತದ್ ಇದ್, ಸಂತಿಯಾ?” ಎಂದು ನುಗ್ಗಿದ. ಇವನಾದರೂ ಜನರನ್ನು ಕಳಿಸುತ್ತಾನೆ ಎಂದು ಸುಗುಣ ಉಸಿರು ಬಿಟ್ಟಳು. ವಿಷಯ ತಿಳಿದದ್ದೇ ರತ್ನಾಕರನ ಮುಖ ಬಿಳಿಚಿತು.

“ಮೂರ್ ಸರ್ತಿಯೂ ರಕ್ಕಸ ಗೆದ್ದದ್ದಾ? ನನ್ನ ಅಂಗ್ಡಿಯೊಳ್ಗಾ? ಹೊಸ ಅಂಗ್ಡಿ ಸುರು ಮಾಡು ಹೊತ್ತಿಗಾ? ಒಬ್ರೂ ಹೋಪುಕಿಲ್ಲೆ! ರಕ್ಕಸ ಬಿದ್ದೇ ಬಾಗ್ಲ್ ದಾಟ್ಕ್!”

ಅವನೂ ಒಂದು ಕೈ ನೋಡಿದ. ದುಗ್ಗಪ್ಪ ಅಳೆದುಕೊಟ್ಟ. ರಾಜ ಇನ್ನೂ ಬೇಗ ಸತ್ತ.

“ವನಜಕ್ಕ, ನೀವ್ ಒಂದ್ಸಲ ಸೋತ್ಕಣಿ ಕಾಂಬ,” ಎಂದು ರತ್ನಾಕರ ಕೈಮುಗಿದ.

“ನಾನ್ ಎಂತಕ್ ಸೋಲುದ್? ದಾಳ ನಾನ್ ಹೇಳ್ದಂಗ್ ಬೀಳತ್ತಾ? ನಿಮ್ ರಾಜಂಗೆ ಸಾಯುಕೆ ಅಷ್ಟ್ ಅರ್ಜೆಂಟಿದ್ರೆ ನಾನ್ ಎಂತ ಮಾಡುದ್?”

ಗಡಿಯಾರದಲ್ಲಿ ನಾಲ್ಕೂವರೆ. ಐದನೆಯ ಆಟ ಹೂಡಿದರು. ದುಗ್ಗಪ್ಪ ಟೇಪು ಬಿಚ್ಚಿ ರಾಜನ ತಲೆಗೆ ಕೈ ಇಟ್ಟ.

“ದುಗ್ಗಪ್ಪಣ್ಣ, ರಾಜ ಮುಂದ್ ಹೋಪುದ್ ಬೇಡ.”

ಯಾರು ಹೇಳಿದ್ದೆಂದು ಎಲ್ಲರೂ ಹುಡುಕಿದರು. ಕಪಾಟೇ ಮಾತಾಡಿದ್ದರೂ ಅವರಿಗೆ ಅಷ್ಟು ಆಶ್ಚರ್ಯ ಆಗುತ್ತಿರಲಿಲ್ಲ.

ಸುಗುಣಳ ಕಿವಿ ಕೆಂಪಾಗಿತ್ತು. ಈಗ ನಿಲ್ಲಿಸಿದರೆ ಮತ್ತೆ ಶುರುವಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. “ಗುರಾಣಿಯವ್ರ್ ಮುಂದ್ ನಿಲ್ಕ್. ಬಿಲ್ಲಿನವ್ರ್ ಹಿಂದಿಂದ ಹೊಡೀಕ್. ರಾಜ ಕಡಿಗೆ ಬಂದ್ರ್ ಸಾಕ್. ಮತ್ತೆ… ಆ ಅರ್ಧ ಇಂಚ್ ಬೇಡ.”

“ಹೊಲ್ಗಿಗೆ ಬಿಡುದ್ ಬೇಡ್ದಾ?”

“ಬೇಡ. ರಕ್ಕಸನ ಕೈ ಎರಡಿಂಚೇ ಎಟ್ಕುದ್. ಆರೇ ಇಂಚ್ ಹೋಯಿ ನಿಂತ್ರೆ ಅವ್ನ್ ಮುಟ್ಟುಕಾತಿಲ್ಲೆ. ನೀವ್ ಪ್ರತಿ ಸರ್ತಿ ಆ ಅರ್ಧ ಇಂಚಂಗೇ ಹೋಯಿ ಸಿಕ್ಕಿ ಬೀಳುದ್.”

ದುಗ್ಗಪ್ಪ ಟೇಪನ್ನೂ ಅವಳನ್ನೂ ನೋಡಿದ. ಮೂವತ್ತು ವರ್ಷದಲ್ಲಿ ಅವನ ಅಳತೆಯಲ್ಲಿ ತಪ್ಪು ಹಿಡಿದವರಿರಲಿಲ್ಲ. ಟೇಪನ್ನು ಅವಳ ಕೈಗೆ ಕೊಟ್ಟ.

“ಇಷ್ಟೊತ್ತ್ ಎಂತಕ್ ಸುಮ್ನಿದ್ದೆ ಹೆಣೆ?” ಎಂದಳು ವನಜಕ್ಕ.

“ಯಾರೂ ಕೇಂಡ್ಲಿಲ್ಲ.”

ಸುಗುಣ ಆಡಿದಳು. ಆಡುತ್ತಲೇ ಹೇಳಿದಳು: ಯಾರು ಎಷ್ಟು ನಡೆಯಬಹುದು, ಎಷ್ಟು ಬಿದ್ದರೆ ಪೆಟ್ಟು, ಎಷ್ಟು ಪೆಟ್ಟಿಗೆ ಸಾವು. ಪುಸ್ತಕದಲ್ಲಿದ್ದದ್ದು ಚಿತ್ರಗಳಿಂದ, ಇಲ್ಲದ್ದು ನಾಲ್ಕು ಸೋಲುಗಳಿಂದ ಅವಳಿಗೆ ಬಂದಿತ್ತು. ವನಜಕ್ಕನ ರಕ್ಕಸರು ಗುರಾಣಿಗೆ ಬಡಿದು ಬಡಿದು ಒಬ್ಬೊಬ್ಬರಾಗಿ ಮಲಗಿದರು. ಐದಕ್ಕೆ ಎರಡು ನಿಮಿಷ ಇರುವಾಗ ರಾಜ ಸಾವಕಾಶವಾಗಿ, ಸರಿಯಾಗಿ ಆರೇ ಇಂಚು ನಡೆದು ಬಂದ. ಕೊಂಬಿನವನು ಅಡ್ಡ ಬಿದ್ದ.

ಅಂಗಡಿ ಕೂಗಿ ಎದ್ದಿತು. ದುಗ್ಗಪ್ಪ ಎದೆ ತುಂಬಿ ಮಂಗಳ ಹಾಡಿದ. ರತ್ನಾಕರ ಕಣ್ಣೊರೆಸಿಕೊಂಡ.

ಬಾಗಿಲಲ್ಲಿ ಚೀಲ ಹೊತ್ತು ನಿಂತಿದ್ದ ಒಬ್ಬರು ಚಪ್ಪಾಳೆ ತಟ್ಟುತ್ತ ಒಳಗೆ ಬಂದರು. ಏಜೆಂಟ್ ಪ್ರೇಮಾನಂದ. ಇಲ್ಲೇ ಶಂಕರನಾರಾಯಣ ಎಂಬ ಊರಿನವರು, ಮುಂಬಯಿಯಲ್ಲಿ ಇಪ್ಪತ್ತು ವರ್ಷ ಕಳೆದವರು.

“ನಾನ್ ಅರ್ಧ ಗಂಟಿಯಿಂದ ಕಾಂತಿದ್ದೆ. ಇಷ್ಟ್ ಊರ್ ತಿರ್ಗಿದೆ, ಎಲ್ಲೂ ಇಷ್ಟ್ ಪಬ್ಲಿಕ್ ಕಂಡಿಲ್ಲೆ. ಏಕ್‌ದಮ್ ಫಸ್ಟ್ ಕ್ಲಾಸ್! ಈ ಹುಡ್ಗಿ ಹೇಳ್ದಂಗೆ ಕಂಪೆನಿಯವ್ರೂ ಹೇಳುದಿಲ್ಲೆ.”

“ಹನ್ನೆರಡಲ್ಲ, ಇಪ್ಪತ್ನಾಲ್ಕ್ ಪೆಟ್ಗಿ ಬರ್ಕಣಿ,” ಎಂದ ರತ್ನಾಕರ. “ಸುಗುಣಾ, ನೀನ್ ಗೆದ್ದೆ ಕಾಣ್!”

ಸುಗುಣಳ ಕಣ್ಣ ಮುಂದೆ ಬೈಂದೂರಿನ ಕೌಂಟರ್ ಬಂತು, ಹಿಂದೆಯೇ ಬೆಳಕಿರುವ ಬಿಜೂರಿನ ರಸ್ತೆ ಬಂತು.

“ಒಂದೇ ಕಂಡೀಶನ್,” ಎಂದರು ಪ್ರೇಮಾನಂದ. “ಆಡ್ಸಿ ತೋರ್ಸುಕೆ ಇವ್ಳ್ ಇಲ್ಲೇ ಇರ್ಕ್. ದಿನಾ ಸಂಜಿ ಆರರಿಂದ ಎಂಟ್. ಕೆಲ್ಸ ಬಿಟ್ಟ್ ಜನ ಬಪ್ಪುದ್ ಆಗ್ಳೇ.”

“ಅದ್ ಹೇಳ್ಕಾ? ಇವ್ಳನ್ನ ಎಲ್ಲೂ ಕಳ್ಸುದಿಲ್ಲೆ!” ರತ್ನಾಕರ ಎದೆ ತಟ್ಟಿಕೊಂಡ. “ಬೈಂದೂರಂಗೆ ಮಾರುದ್ ಬಕೆಟ್, ಕುರ್ಚಿ. ಅಲ್ಲ್ ಮಾತ್ ಎಂತಕ್ಕೆ? ಬಾಯ್ ಬಾರ್ದವ್ರ್ ಕೂಕಂಡ್ರೂ ಯಾಪಾರ ಆತ್ತ್. ಇಷ್ಟ್ ಲಾಯ್ಕ್ ಮಾತಾಡುವವ್ಳನ್ನ ಅಲ್ಲ್ ಹಾಕಿ ಹಾಳ್ ಮಾಡುದಾ?”

ಪ್ರೇಮಾನಂದ ಆರ್ಡರ್ ಪುಸ್ತಕ ತೆಗೆದರು. ವನಜಕ್ಕ, ತಾನು ಸೋತದ್ದು ಒಂದೇ ಸಲ, ಇನ್ನೊಂದು ಆಟ ಆಗಲೇಬೇಕು ಎಂದಳು. ದುಗ್ಗಪ್ಪ ಬಿದ್ದ ರಕ್ಕಸರನ್ನೆಲ್ಲ ಎಬ್ಬಿಸಿ ನಿಲ್ಲಿಸತೊಡಗಿದ. ಜನ ಮತ್ತೆ ಮೇಜಿಗೆ ಮುತ್ತಿದರು. ದಾಳ ಕುಲುಕುವ ಸದ್ದು ಕೇಳಿಸಿತು.

“ರತ್ನಾಕರಣ್ಣ,” ಎಂದಳು ಸುಗುಣ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. “ನನ್ನನ್ನ ಬೈಂದೂರಿಗೇ ಕಳ್ಸಿ.”