ಯಾರಿಗೂ ಹೇಳಬಾರದ ಇಪ್ಪತ್ತನಾಲ್ಕು ಪದಗಳು

ಪರಮಗೋಪ್ಯನಿಷ್ಠರಾದ ಹಾರ್ಡ್‌ವೇರ್ ವಾಲೆಟ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಹೆಬ್ಬೆರಳಿನಷ್ಟೇ ಗಾತ್ರದವರಾಗಿಯೂ ನಮ್ಮ ಗಂಡಹೆಂಡಿರ ಜೀವಮಾನದ ಉಳಿತಾಯದ ಒಂದು ಪಾಲಿನ ಬೀಗದಕೈಯನ್ನು ಮೊನ್ನೆಮೊನ್ನೆಯವರೆಗೂ ಹೊಟ್ಟೆಯಲ್ಲಿಟ್ಟುಕೊಂಡಿದ್ದು, ಈಗಲೂ ಬೀರುವಿನ ಬಟ್ಟೆಗಳ ನಡುವೆ ಸದ್ದಿಲ್ಲದೆ ಪವಡಿಸಿರುವ ತಮಗೆ, ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದ, ಎದೆಯ ಹೊಲಿಗೆ ಇನ್ನೂ ಪೂರ್ತಿ ಮಾಯದ ಗಿರಾಕಿಯೊಬ್ಬನ ವಿನಯಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವಾಗಿರುವುದೊಂದೇ ತಮ್ಮ ಉದ್ಯೋಗವಾದ್ದರಿಂದ ಬೇರೆ ಉತ್ತರವನ್ನು ನಿರೀಕ್ಷಿಸುವುದೂ ಅವಿವೇಕ.

ಡಿಜಿಟಲ್ ಹಣದ ಕೀಯನ್ನು ಕಾಯುವ ಪುಟ್ಟ ಯಂತ್ರವಾದ ತಮ್ಮನ್ನು ಮನೆಗೆ ಕರೆತಂದವನು ನನ್ನ ಹೆಂಡತಿಯ ತಮ್ಮ. ನಿವೃತ್ತಿಯ ಹಣದ ಒಂದು ಪಾಲನ್ನು ನಾನು ಬಿಟ್‌ಕಾಯಿನ್‌ಗೆ ಹಾಕಿ, ಕೊಂಡ ಕಂಪನಿಯ ಆ್ಯಪಿನಲ್ಲೇ ಬಿಟ್ಟಿದ್ದನ್ನು ಕಂಡು ಅವನು, "ಭಾವ, ಕೀ ನಿಮ್ಮ ಕೈಲಿಲ್ಲ ಅಂದ್ರೆ ದುಡ್ಡೂ ನಿಮ್ದಲ್ಲ" ಎಂದ. ಮೆಷಿನ್ ರೂಮಿನ ಕೀಯನ್ನು ಜೇಬಿನಲ್ಲಿಟ್ಟುಕೊಂಡು ವಾಚ್‌ಮನ್ ಊಟಕ್ಕೆ ಹೋದ ದಿನಗಳಲ್ಲಿ ನಾನು ಮೆಕ್ಯಾನಿಕ್ಕೇ ಅಲ್ಲವೆಂಬುದನ್ನು ಮೂವತ್ತು ವರ್ಷ ಅನುಭವಿಸಿದವನಾದ್ದರಿಂದ ಆ ಮಾತು ನನಗೆ ಕೂಡಲೇ ನಾಟಿತು.

ತಮ್ಮ ಪ್ರತಿಷ್ಠಾಪನೆಯ ಮಧ್ಯಾಹ್ನ ಕಿಟಕಿಗಳನ್ನೆಲ್ಲ ಮುಚ್ಚಿದೆವು. ಭಾವಮೈದುನ, ತಪ್ಪು ಮಾಡಿದ ಶಾಲೆಯ ಹುಡುಗನಂತೆ ಗೋಡೆಗೆ ಮುಖ ಮಾಡಿ ನಿಂತ. ತಾವು ತಮ್ಮ ಪುಟ್ಟ ಪರದೆಯ ಮೇಲೆ ಒಂದೊಂದಾಗಿ ಇಪ್ಪತ್ತನಾಲ್ಕು ಇಂಗ್ಲಿಷ್ ಪದಗಳನ್ನು ದಯಪಾಲಿಸಿದಿರಿ: ಆನಿಯನ್, ಕಿಡ್ನಿ, ಡಾಂಕಿ, ಲ್ಯಾಡರ್, ಹೀಗೆ ಒಂದಕ್ಕೊಂದು ನಂಟಿಲ್ಲದ, ಮದುವೆ ಮನೆಯಲ್ಲಿ ಊಟಕ್ಕೆ ಮಾತ್ರ ಒಂದೇ ಸಾಲಿನಲ್ಲಿ ಕೂತ ಅಪರಿಚಿತರಂಥ ಪದಗಳು. ತಾವು ಕೆಟ್ಟರೂ ಕಳೆದರೂ ಈ ಪದಗಳಿದ್ದರೆ ಹಣ ಮರಳಿ ಸಿಗುತ್ತದೆ, ಇವು ಹೋದರೆ ಹಣವೂ ಹೋದಂತೆ ಎಂದು ತಮ್ಮ ಕೈಪಿಡಿ ಹೇಳಿತು. ಫೋಟೊ ತೆಗೆಯಬೇಡಿ, ಮೊಬೈಲಿನಲ್ಲಿ ಬರೆಯಬೇಡಿ, ಯಾರಿಗೂ, ಅತ್ಯಂತ ಆಪ್ತರಿಗೂ, ಹೇಳಬೇಡಿ ಎಂದಿತು. ಪದಗಳನ್ನು ಬರೆದುಕೊಂಡ ಕಾಗದ ನೆನೆದೀತು, ಕಳುವಾದೀತು, ಸುಟ್ಟುಹೋದೀತು ಎಂದೂ ಎಚ್ಚರಿಸಿತು. ತಮ್ಮ ಎಚ್ಚರಿಕೆಗೆ ಬೆಲೆ ಕೊಟ್ಟು ನಾನು ಪದಗಳನ್ನೆಲ್ಲ ಬಾಯಿಪಾಠ ಮಾಡಿ, ಕಾಗದ ಅಕಸ್ಮಾತ್ತಾಗಿ ಸುಟ್ಟುಹೋಗುವ ಮೊದಲು ಜವಾಬ್ದಾರಿಯಿಂದ ನಾನೇ ಸುಟ್ಟೆ.

ಇಲ್ಲಿ ನನ್ನ ಹೆಂಡತಿಯನ್ನು ತಮಗೆ ಪರಿಚಯಿಸಬೇಕು. ಆಕೆ ನೂಲಿನ ಗಿರಣಿಯಲ್ಲಿ, ಯಂತ್ರಗಳ ಗದ್ದಲದ ನಡುವೆ ದುಡಿದವಳು; ಕಿವಿ ಕೊಂಚ ಮಂದ, ದನಿ ಮಾತ್ರ ಇಡೀ ಪಾಳಿಗೆ ಸಾಲುವಷ್ಟು. ನಮ್ಮ ಸಂಸಾರದಲ್ಲಿ ಈವರೆಗೆ ಗುಟ್ಟುಗಳಿರಲಿಲ್ಲ. ಅದು ನಮ್ಮ ಸದ್ಗುಣವಲ್ಲ, ಅಂಥ ಅನುಕೂಲವೇ ಇರಲಿಲ್ಲ. ಅಂಥವಳು ನಾನು ಗೊಣಗುವುದನ್ನು ಕಂಡು "ಏನ್ರೀ ಅದು, ಬಾಯೊಳಗೇ?" ಎಂದು ಕೇಳಿದಾಗ ತಮ್ಮ ಆಜ್ಞಾನುಸಾರ "ಏನಿಲ್ಲ" ಎಂದೆ. ಅಂದಿನಿಂದ ಆಕೆ ಮಾತು ಕಡಿಮೆ ಮಾಡಿದಳು. ಎರಡು ಮಹಡಿಗಳ ನಡುವೆ ನಿಂತ ಲಿಫ್ಟಿನೊಳಗೆ ನಾನು ಎಷ್ಟೋ ಸಲ ಸಿಕ್ಕಿಬಿದ್ದಿದ್ದೇನೆ. ಅಲ್ಲಿಯೂ ಅಷ್ಟು ನಿಶ್ಶಬ್ದ ಇರಲಿಲ್ಲ.

ಅಷ್ಟರಲ್ಲಿ ನನ್ನ ಹೃದಯದ ನಾಳಗಳು ಕಟ್ಟಿಕೊಂಡವು. ಶಸ್ತ್ರಚಿಕಿತ್ಸೆಯ ಬೆಳಿಗ್ಗೆ, ಬಲಗೈಗೆ ಸೂಜಿ ಚುಚ್ಚಿಸಿಕೊಂಡು ವಾರ್ಡಿನಲ್ಲಿ ಮಲಗಿದ್ದಾಗ, ನಾನು ಏಳದಿದ್ದರೆ ಆ ಪದಗಳೂ ಏಳುವುದಿಲ್ಲವೆಂದು ಹೊಳೆಯಿತು. ಹೆಂಡತಿಯನ್ನು ಹತ್ತಿರ ಕರೆದು, ತಮ್ಮಲ್ಲಿ ಮನಸ್ಸಿನಲ್ಲೇ ಕ್ಷಮೆ ಬೇಡಿ, ಕಿವಿಯಲ್ಲಿ ಪಿಸುಗುಟ್ಟಿದೆ. ಕೇಳಿದ್ದನ್ನು ಖಾತ್ರಿ ಮಾಡಿಕೊಳ್ಳುವುದು ಗಿರಣಿಯ ಅಭ್ಯಾಸ. "ಆನಿಯನ್ನಾ? ಈರುಳ್ಳಿ ತಾನೇ?" ಎಂದು ಆಕೆ ಕೇಳಿದ್ದು ಕಾರಿಡಾರಿನ ತುದಿಗೂ ಮುಟ್ಟಿತು. "ಕಿಡ್ನಿ" ಎಂದಾಗ ನರ್ಸ್ ಓಡಿಬಂದು, "ಕಿಡ್ನಿ ಅಂತ ಯಾರ್ ಹೇಳಿದ್ದು? ಇವರದು ಹಾರ್ಟು" ಎಂದು ಫೈಲು ತಿರುವಿಹಾಕಿದಳು. ನಾನು ಎರಡನೆಯ ಸಲ ಹೇಳಿಕೊಡುವಾಗ, ಕಾಲು ಮುರಿದುಕೊಂಡು ಪಕ್ಕದ ಹಾಸಿಗೆಯಲ್ಲಿದ್ದ ಬಸ್ ಕಂಡಕ್ಟರು, "ಯಜಮಾನ್ರೇ, ಹದಿನಾರಾದ್ಮೇಲೆ ಒಂದು ಬಿಟ್ರಿ. ಡಾಂಕಿ ಹತ್ತಲೇ ಇಲ್ಲ" ಎಂದು ತಿದ್ದಿದರು. ಸ್ಟ್ರೆಚರ್ ಬರುವ ಹೊತ್ತಿಗೆ ತಮ್ಮ ಪರಮಗೋಪ್ಯ ಇಡೀ ವಾರ್ಡಿಗೆ ಕಂಠಪಾಠವಾಗಿತ್ತು. ಹೋಗುವ ಮುನ್ನ ಹೆಂಡತಿಗೆ ಬೇರೇನೋ ಹೇಳಬೇಕೆಂದಿದ್ದೆ. ಇಪ್ಪತ್ತನಾಲ್ಕನೆಯದು ಬಾಕಿಯಿತ್ತು, ಅದನ್ನೇ ಹೇಳಿದೆ. "ಲ್ಯಾಡರ್."

ಮುಂದಿನದನ್ನು ನನಗೆ ಹೇಳಿದವನು ಭಾವಮೈದುನ. ನಾನು ಒಳಗಿದ್ದಷ್ಟು ಹೊತ್ತೂ ಆಕೆ ಹೊರಗಿನ ಬೆಂಚಿನ ಮೇಲೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಮೊದಲಿನಿಂದ ಕೊನೆಯವರೆಗೆ ಆ ಪದಗಳನ್ನೇ ಹೇಳುತ್ತಿದ್ದಳಂತೆ, ಎಂದಿನ ದನಿಯಲ್ಲಿ. ಅವನು ಗಾಬರಿಯಿಂದ, "ಅಕ್ಕ, ಮೆಲ್ಲಗೆ. ಯಾರಾದ್ರೂ ಬರ್ಕೊಂಡ್ರೆ ದುಡ್ಡೆಲ್ಲ ಹೋಗುತ್ತೆ" ಎಂದನಂತೆ. "ಯಾವ ದುಡ್ಡು? ಅವ್ರು ಕೊನೇಲಿ ಹೇಳಿದ ಮಾತು ಕಣೋ ಇದು. ಬಂದ್ಮೇಲೆ ಕೇಳಿದ್ರೆ ಹೇಳ್ಬೇಕಲ್ಲ" ಎಂದಳಂತೆ. ಮಾನ್ಯರೇ, ಅದು ಹಣದ ವಿಷಯವೆಂದು ಹೇಳುವುದನ್ನೇ ನಾನು ಮರೆತಿದ್ದೆ.

ಎಚ್ಚರವಾದಾಗ ಆಕೆ ಮಂಚದ ಪಕ್ಕ ನಿಂತಿದ್ದಳು. ಹೇಗಿದ್ದೀರಿ ಎಂದು ಕೇಳಲಿಲ್ಲ, ಇಪ್ಪತ್ತನಾಲ್ಕನ್ನೂ ತಪ್ಪಿಲ್ಲದೆ ಒಪ್ಪಿಸಿ, "ಸರಿ ಇದೆಯಾ?" ಎಂದಳು. ಗಂಟಲಲ್ಲಿ ನಳಿಕೆಯಿದ್ದುದರಿಂದ ತಲೆಯಾಡಿಸಿದೆ. ಆಕೆಯ ಕೈ ಹಿಡಿದದ್ದು ನಳಿಕೆಯಿಂದಾಗಿ ಅಲ್ಲ.

ಹಣ ಹೋಗಲಿಲ್ಲ. ಆ ಪದಗಳು ನನಗೆ ಬಂದ ಭ್ರಮೆಯ ಬಡಬಡಿಕೆಯೆಂದು ವಾರ್ಡಿನವರೆಲ್ಲ ಮರುಗಿದ್ದರೇ ಹೊರತು ಬರೆದುಕೊಂಡಿರಲಿಲ್ಲ. ಆದರೂ ಮನೆಗೆ ಬಂದ ವಾರ ಭಾವಮೈದುನ ತಮ್ಮಂಥವರೇ ಇನ್ನೊಬ್ಬರನ್ನು ಕೊಂಡುತಂದು, ಹೊಸ ಪದಗಳನ್ನು ಪಡೆದು, ಹಣವನ್ನೆಲ್ಲ ಅಲ್ಲಿಗೆ ಸಾಗಿಸಿದ. ಈ ಸಲ ನನ್ನ ಬದಲು ಹೆಂಡತಿಯೇ ಬರೆದಳು, ಒಮ್ಮೆಯೂ ಬಾಯಿ ಬಿಡದೆ. ಕಾಗದವನ್ನು ಎಲ್ಲಿಟ್ಟೆ ಎಂದು ಕೇಳಿದರೆ ತಮ್ಮ ಕೈಪಿಡಿ ತೆರೆದು "ಅತ್ಯಂತ ಆಪ್ತರಿಗೂ" ಎಂಬ ಸಾಲಿನ ಮೇಲೆ ಬೆರಳಿಡುತ್ತಾಳೆ. ಆಪ್ತರ ಪಟ್ಟಿಗೆ ಮರಳಿದೆನೆಂದು ಸಂತೋಷಪಡಬೇಕೋ, ಹಣ ಕೈತಪ್ಪಿತೆಂದು ದುಃಖಿಸಬೇಕೋ ತಿಳಿಯದೆ ಊಟಕ್ಕೆ ಕೂರುತ್ತೇನೆ. ಮನೆಯಲ್ಲಿ ಮತ್ತೆ ಗದ್ದಲವಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹ ಇಷ್ಟೇ. ಮುಂದೆ ಪದಗಳನ್ನು ಆರಿಸುವಾಗ, ಅವು ಒಬ್ಬ ಮನುಷ್ಯನ ಕೊನೆಯ ಮಾತಾಗುವ ಸಂಭವವಿದೆಯೆಂದು ನೆನೆದು, ಈರುಳ್ಳಿ ಕತ್ತೆಗಳ ನಡುವೆ ಎಲ್ಲಾದರೂ ಒಂದು "ಹುಷಾರು ಕಣೇ" ಸೇರಿಸುವ ಕೃಪೆ ಮಾಡಬೇಕು.

ಬೀರುವಿನಲ್ಲಿ ಬರಿದಾಗಿ ಮಲಗಿರುವ ತಮಗೆ,
ಹೊರಗೆ ಬರಿಗೈಲಿ ಕೂತಿರುವ
ತಮ್ಮ ವಿಶ್ವಾಸಿ

ತಾ.ಕ.: ಗುಟ್ಟಿನ ಸಂಖ್ಯೆಯನ್ನು ಮೂರು ಸಲ ತಪ್ಪಾಗಿ ಒತ್ತಿದರೆ ತಾವು ಎಲ್ಲವನ್ನೂ ಮರೆತುಬಿಡುತ್ತೀರೆಂದೂ, ಅದೇ ತಮ್ಮ ಸುರಕ್ಷತೆಯ ಹೆಗ್ಗಳಿಕೆಯೆಂದೂ ಕೈಪಿಡಿಯಲ್ಲಿ ಓದಿದೆ. ನಮ್ಮ ಮನೆಯಾಕೆ ಮದುವೆಯಾದಾಗಿನಿಂದ ನಾನು ಮಾಡಿದ ತಪ್ಪುಗಳಲ್ಲಿ ಒಂದನ್ನೂ ಮರೆತಿಲ್ಲ. ಆಕೆಗೆ ತಮ್ಮ ಹಾಗೆ ಚಾರ್ಜೂ ಬೇಡ.