ಜೀವಂತ ಇದ್ದವ್ರ ದೊಡ್ಡ ಫೋಟೋ

ನಮ್ಮ ಹುಬ್ಬಳ್ಳಿ-ಧಾರವಾಡದಾಗ ಒಬ್ಬರದ ದೊಡ್ಡ ಫೋಟೋ ಗ್ವಾಡಿ ಏರಿತಂದ್ರ ಆ ಮನುಷ್ಯಾ ಲೋಕಾ ಬಿಟ್ಟಾನಂತ ಅರ್ಥ. ಜೋಡಿ ಫೋಟೋ ನಡೀತೈತಿ, ಗ್ರೂಪ್ ಫೋಟೋ ನಡೀತೈತಿ. ಒಬ್ಬರ, ದೊಡ್ಡದಾಗಿ, ಚೌಕಟ್ಟಿನಾಗ? ಮುಗೀತು, ಹೂವಿನ ಹಾರಾ ಹಾಕೋದೊಂದ ಬಾಕಿ. ಇನ್ನ ನನ್ನ ಉದ್ಯೋಗ ಏನಪಾ ಅಂದ್ರ, ಜೀವಂತ ಇದ್ದವರನ್ನ ಒಬ್ಬೊಬ್ಬರನ್ನ ಕುಂಡ್ರಿಸಿ, ದೊಡ್ಡ ಫೋಟೋ ತಗದು, ಚೌಕಟ್ಟು ಹಾಕಿ ಗ್ವಾಡಿ ಏರಿಸೋದು. ಅದೂ ಕಪ್ಪು-ಬಿಳುಪಿನಾಗ. ಹಿಂಗಿದ್ದ ಮ್ಯಾಲ ನಾ ಈಗ ಹೇಳೋವಂಥಾ ಪ್ರಸಂಗ ನನ್ನ ಬಾಳೇದಾಗ ನಡೀದ ಇನ್ಯಾರ ಬಾಳೇದಾಗ ನಡೀಬೇಕ್ರಿ?

ಈ ಹುಚ್ಚು ಹಿಡಿಸಿದಾಕಿ ನಮ್ಮವ್ವ. ಆಕಿ ತೀರಿಕೊಂಡಾಗ ಗ್ವಾಡಿಗೆ ಹಾಕಾಕ ಒಂದು ಫೋಟೋ ಸಿಗಲಿಲ್ಲ. ಮನ್ಯಾಗ ಎಷ್ಟು ಲಗ್ನಾ, ಎಷ್ಟು ತೊಟ್ಟಲಾ ಆಗಿದ್ವು. ಫೋಟೋ ತಗಿಯೋ ಹೊತ್ತಿಗೆ ಅವ್ವ ಒಲಿ ಮುಂದ. ಕಡೀಕ ಒಂದು ಗ್ರೂಪ್ ಫೋಟೋದಾಗ ಸಿಕ್ಕಳು. ಅದ್ರಾಗೂ ಅರ್ಧಾ ಮಾರಿಗೆ ನಮ್ಮ ಕಾಕಾನ ತಲಿಗೆ ಸುತ್ತಿದ ಪಟಗಾ ಅಡ್ಡ. ಉಳಿದರ್ಧಾ ಸ್ಟುಡಿಯೋದವ ತಾನ ಬರದು ಕೊಟ್ಟ. ಇವತ್ತಿಗೂ ನಮ್ಮನಿ ಗ್ವಾಡಿ ಮ್ಯಾಲಿನ ಅವ್ವಗ ಎಡಗಣ್ಣು ಆಕಿದು, ಬಲಗಣ್ಣು ಸ್ಟುಡಿಯೋದವಂದು.

ಅದನ್ನ ನೋಡಿ ನೋಡಿ ಹೊಟ್ಟಿ ಉರದು, ಸಾಲ್ಯಾಗ ಚಿತ್ರಕಲಾ ಕಲಸೋ ನೌಕರಿ ಬಿಟ್ಟು ಕ್ಯಾಮರಾ ಹಿಡದೆ. ಮನಿ ಮಂದೀನೆಲ್ಲಾ, ಎರಡೂ ಕಣ್ಣು ಸಮೇತ, ಒಬ್ಬೊಬ್ಬರನ್ನ ತಗದೆ. ತಗಿಯಾಕ ಕೊಡದಾಂವ ಒಬ್ಬನ, ನಮ್ಮಪ್ಪ. ಎಂಬತ್ತು ದಾಟ್ಯಾನ, ಎದಿ ಒಮ್ಮೆ ಕೈಕೊಟ್ಟೈತಿ. ಅವ್ವಂದು ಆದಂಗ ಅಪ್ಪಂದೂ ಆಗಬಾರದು ಅನ್ನೋದು ನನ್ನ ಹಟಾ. "ಒಬ್ಬನ ಕುಂಡ್ರಂಗಿಲ್ಲವಾ ನಾ" ಅನ್ನೋದು ಅಪ್ಪನ ಹಟಾ. ಗ್ವಾಡಿ ಏರಾಕ ಅಂಜ್ಯಾನಂತ ನಾ ತಿಳಕೊಂಡಿದ್ದೆ. ನಮ್ಮನಿ ಮಂದೀಗೆ ಆ ಅಂಜಿಕಿ ಹತ್ತಿದ್ದರಾಗ ನಂದೂ ಪಾಲೈತಿ, ಸುಳ್ಳ ಯಾಕ ಹೇಳಲಿ.

ತಪ್ಪಿದ ಹೋಳಿಗಿ

ಮೊದಲ ಸಿಕ್ಕಾಕಿ ನಮ್ಮ ಸೋದರತ್ತಿ, ಅಪ್ಪನ ತಂಗಿ. ನಮ್ಮ ಕೂಡನ ಇರತಾಳ. ಕಿಡಕಿ ಬಾಜೂ ಕುಂಡ್ರಿಸಿ ತಗದ ಫೋಟೋ ಭಾಳ ಛಲೋ ಬಂತು. ಖುಷಿಯಿಂದ ಬಾಗಲಾ ಎದುರಿನ ಗ್ವಾಡಿಗೇ ಹಾಕಿದೆ.

ಮುಂದಿನ ತಿಂಗಳ ಅಮ್ಮಿನಬಾವಿಯಿಂದ ಬೀಗರೊಬ್ಬರು ಮಗಳ ಲಗ್ನದ ಕಾರ್ಡು ಹಿಡಕೊಂಡು ಬಂದ್ರು. ಒಳಗ ಕಾಲಿಟ್ಟವರು ಗ್ವಾಡಿ ನೋಡಿ ನಿಂತಲ್ಲೇ ನಿಂತ್ರು.

"ಯಾವಾಗ ಆತು ತಂಗಿ?" ಅಂತ ಕೇಳಿದ್ರು.

ಫೋಟೋ ಬಗ್ಗೆ ಕೇಳಾಕತ್ತಾರ, ಕಲಾ ಅಂದ್ರ ಆಸಕ್ತಿ ಇದ್ದವರು ಅಂತ ನನಗ ಉಬ್ಬು. "ಹೋದ ತಿಂಗಳಾ ಆತ್ರಿ."

"ತ್ರಾಸ ಆತೇನು?"

"ಏನೇನೂ ಇಲ್ರಿ. ಕುಂತಲ್ಲೇ ಆಗಿಹೋತು. ಹತ್ತು ನಿಮಿಷ."

"ಪುಣ್ಯವಂತಿ," ಅಂದ್ರು. ಕಣ್ಣು ಒರಿಸಿಕೊಂಡ್ರು. ಚಾ ಬ್ಯಾಡಂದ್ರು. ಸಾವಾದ ಮನ್ಯಾಗ ಲಗ್ನದ ಕಾರ್ಡು ತಗೀಬಾರದಲ್ಲ, ಚೀಲದಾಗ ಹಾಕಿದ ಕೈ ಹಂಗ ಹೊರಗ ತಗದು ಹೋಗಿಬಿಟ್ರು. ಅತ್ತಿ ಹಿತ್ತಲದಾಗ ಮೆಣಸಿನಕಾಯಿ ಒಣಗಾಕ ಹಾಕಾಕತ್ತಿದ್ಲು, ಆಕಿಗೆ ಏನೂ ಗೊತ್ತಾಗಲಿಲ್ಲ.

ಲಗ್ನಾ ಮುಗದು ಹದಿನೈದು ದಿವಸಕ್ಕ ಸುದ್ದಿ ತಿಳೀತು. ಅತ್ತಿ ಸೊಂಟಕ್ಕ ಕೈ ಇಟ್ಕೊಂಡು ನನ್ನ ಮುಂದ ನಿಂತ್ಲು. "ನನ್ನ ಕೊಂದೀದಿ, ಹೋಗ್ಲಿ ಬಿಡು, ಯಾವತ್ತಿದ್ರೂ ಹೋಗಾಕಿ ನಾ. ಆದ್ರ ಹೋಳಿಗಿ ಊಟಾ ತಪ್ಪಿಸಿದೆಲ್ಲ, ಅದಕ್ಕ ದೇವರು ನಿನ್ನ ನೋಡ್ಕೋತಾನ!"

ಫೈನು

ಚೌಕಟ್ಟು ಹಾಕಿಸಿದ ಫೋಟೋ ತಗೊಂಡು ಹುಬ್ಬಳ್ಳಿಯಿಂದ ಧಾರವಾಡಕ್ಕ ಆಟೋದಾಗ ಬರಾಕತ್ತಿದ್ದೆ. ಆಟೋದವ ಕನ್ನಡ್ಯಾಗ ನೋಡಿ ಕೇಳಿದ, "ಲಗ್ನದ ಫೋಟೋ ತಗೀತೀರೇನ್ರಿ ಅಕ್ಕಾರ?"

"ಇಲ್ಲಪಾ. ಫೈನ್ ಆರ್ಟ್."

"ಅಂದ್ರ?"

ಕೇಳಬಾರದಿತ್ತು ಅಂವ. ನವಲೂರು ದಾಟೂತನಕಾ ಹೇಳಿದೆ. ಬೆಳಕು ಅಂದೆ, ನೆರಳು ಅಂದೆ, ಮಾರಿ ನೋಡಿ ಮನಸ್ಸಿನೊಳಗ ಏನೈತಂತ ಹಿಡಿಯೋದು ಅಂದೆ. ಅಂವ ಗಪ್‌ಚಿಪ್ ಕೇಳಿ, ಕಡೀಕ ನಿಟ್ಟುಸಿರು ಬಿಟ್ಟ.

"ತಿಳೀತ್ರಿ. ನಮ್ಮ ಸರ್ಕಲ್ಲಿನಾಗ ಟ್ರಾಫಿಕ್ ಸಾಹೇಬ್ರು ಒಬ್ರು ಅದಾರ. ದೂರದಿಂದ ನನ್ನ ಮಾರಿ ನೋಡಿದ್ರ ಸಾಕು, ಲೈಸೆನ್ಸ್ ಮನ್ಯಾಗ ಬಿಟ್ಟು ಬಂದೇನಂತ ಹಿಡದಬಿಡ್ತಾರ. ಅವರ ಫೈನೂ ಒಂದು ಆರ್ಟ ಬಿಡ್ರಿ!"

ನಕ್ಕ ಯಜಮಾನ್ರು

ಜೀವಂತ ಇದ್ದವರ ಫೋಟೋ ಹೊಟ್ಟಿ ತುಂಬಸಂಗಿಲ್ಲ. ಹಿಂಗಾಗಿ ಹೋದವರ ಹಳೇ ಫೋಟೋ ದೊಡ್ಡದು ಮಾಡಿಕೊಡೋದೂ ಮಾಡ್ತೇನಿ.

ಹುಬ್ಬಳ್ಳಿಯಿಂದ ಮೂವರು ಅಣ್ಣತಮ್ಮಂದಿರು ಬಂದ್ರು. ಅಪ್ಪ ತೀರಿಕೊಂಡಿದ್ರು. ಇದ್ದದ್ದು ಗುರ್ತಿನ ಚೀಟಿ ಮ್ಯಾಲಿನ ಉಗುರಿನಷ್ಟು ಫೋಟೋ. ಅದ್ರಾಗ ಯಜಮಾನ್ರು ಹುಬ್ಬು ಗಂಟು ಹಾಕ್ಕೊಂಡು, ಫೋಟೋ ತಗಿಯಾಂವನ ಜೋಡಿನ ಜಗಳಕ್ಕ ನಿಂತಂಗ ಇದ್ರು.

"ದೊಡ್ಡದು ಮಾಡಿ ಚೂರು ನಗಸ್ರಿ ಅಕ್ಕಾರ," ಅಂದ ಹಿರೇ ಮಗ. "ಬದುಕಿದ್ದಾಗಂತೂ ನಗಲಿಲ್ಲ. ಇನ್ನ ಮ್ಯಾಲಾದ್ರೂ ನಗಲಿ."

ಎಂಟು ದಿವಸ ಕಂಪ್ಯೂಟರ್ ಮುಂದ ಕುಂತು ಆ ಹುಬ್ಬಿನ ಗಂಟು ಬಿಚ್ಚಿದೆ, ತುಟಿ ಅಂಚು ಎಳ್ಳಿನಷ್ಟು ಎತ್ತಿದೆ. ಮಕ್ಕಳು ನೋಡಿ ಕಣ್ಣೀರ ಹಾಕಿದ್ರು. ಅವರ ಮನಿಗೆ ಒಯ್ದು ಪಡಸಾಲ್ಯಾಗ ನಾನ ಹಾಕಿದೆ. ಒಳಗಿಂದ ಅವರ ತಾಯಿ ಬಂದ್ರು. ಫೋಟೋ ನೋಡಿದವರ ಗಡಬಡಿಸಿ ತಲಿ ಮ್ಯಾಲ ಸೆರಗು ಎಳಕೊಂಡು, "ಯಾರ ಬಂದಾರಲೇ? ಗಂಡಸರು ಬಂದ್ರ ಮೊದಲ ಹೇಳಬಾರದೇನು?" ಅಂತ ಮಕ್ಕಳಿಗೆ ಬೈದ್ರು.

ಆಮ್ಯಾಲ ನನ್ನ ಬಾಜೂಕ ಕರದು ಸಣ್ಣ ದನಿಲೆ ಅಂದ್ರು, "ಮೊದಲಿನ ಮಾರಿನ ಕೊಡ ಯವ್ವಾ. ನಲವತ್ತು ವರ್ಷ ಆ ಗಂಟುಹುಬ್ಬಿನ ಜೋಡಿ ಬಾಳೇ ಮಾಡೇನಿ. ಈ ನಗೋ ಗಂಡಸಿನ ಮುಂದ ದಿನಾ ಹೆಂಗ ಕುಂಡ್ರಲಿ?"

ಛಂದ ಕಾಣಸೋದ ನನ್ನ ಕೆಲಸ ಅಂತ ತಿಳಕೊಂಡಿದ್ದೆ. ಉಳದವರಿಗೆ ಬೇಕಾಗೋದು ಛಂದ ಅಲ್ಲ, ಗುರ್ತು. ಬಿಚ್ಚಿದ ಗಂಟು ಮತ್ತ ಕಟ್ಟಿ, ವಾರಕ್ಕ ಹೊಸಾ ಫೋಟೋ ಒಯ್ದೆ. ಅಜ್ಜಿ ಗ್ವಾಡಿ ಕಡೆ ನೋಡಿದ್ರು, "ಹಾಂ, ಈಗ ಬಂದ್ರು ನೋಡು," ಅಂದ್ರು. ಸೆರಗು ಇಳಿಸಿ, ಅಲ್ಲೇ ನಿಂತು ಫೋಟೋಕ್ಕ ಬೈಯಾಕ ಚಾಲೂ ಮಾಡಿದ್ರು.

ಕಾಪಿ

ಈಗ ಅಪ್ಪಂದು. ಅಂವ ಹುಬ್ಬಳ್ಳಿ ಹತ್ರದ ಸುಳ್ಳ ಅನ್ನೋ ಹಳ್ಳಿಯ ಕನ್ನಡ ಸಾಲ್ಯಾಗ ಮಾಸ್ತರ ಆಗಿ ನಿವೃತ್ತಿ ಆದಾಂವ. ಮನಿ ಮಂದೀದು ಹನ್ನೆರಡು ಫೋಟೋ ಹಾಕಿ ಒಂದು ಪ್ರದರ್ಶನ ಮಾಡಬೇಕಂತ ಮಾಡಿದ್ದೆ, ಅದರ ದಿವಸ ಸನೇಕ ಬಂತು. ಹನ್ನೊಂದು ಮಂದಿ ತಯಾರಾಗಿದ್ರು, ಹನ್ನೆರಡನೇದ್ದು ಇಲ್ಲ. ನಾ ಅತ್ತೆ, ಸಿಟ್ಟಾದೆ, ಎರಡು ದಿವಸ ಮಾತು ಬಿಟ್ಟೆ. ಅಪ್ಪ ಜಗ್ಗಲಿಲ್ಲ.

"ಗ್ರೂಪ್ ಫೋಟೋ ತಗಿ, ಬರ್ತೇನಿ. ಒಬ್ಬನ ಅಂದ್ರ ಬ್ಯಾಡ."

ತಲ್ಯಾಗ ದೀಪಾ ಹತ್ತಿತು. ಅತ್ತಿ, ಕಾಕಾ, ಅಣ್ಣ, ವೈನಿ, ಅವರ ಮಕ್ಕಳು, ಎಲ್ಲಾರನ್ನೂ ಅಂಗಳದಾಗ ಸಾಲಾಗಿ ನಿಲ್ಲಿಸಿ, ನಡುವ ಕುರ್ಚಿ ಹಾಕಿ ಅಪ್ಪನ್ನ ಕುಂಡ್ರಿಸಿದೆ. ದೂರದ ಲೆನ್ಸು ಹಾಕ್ಕೊಂಡು ಅಂಗಳದ ತುದೀಗೆ ಹೋಗಿ ನಿಂತೆ. "ಎಲ್ಲಾರೂ ಇತ್ಲಾಗ ನೋಡ್ರಿ!" ಅಂತ ಒದರಿ, ಅಪ್ಪನ ಮಾರಿ ಒಂದನ್ನ ಹಿಡದು, ಇಪ್ಪತ್ತು ಸಲಾ ಒತ್ತಿದೆ.

ಒಳಗ ಬಂದು ನೋಡಿದ್ರ, ಇಪ್ಪತ್ತಕ್ಕ ಇಪ್ಪತ್ತೂ ಫೋಟೋದಾಗ ಅಪ್ಪ ಗಟ್ಟಿ ಕಣ್ಣು ಮುಚ್ಚ್ಯಾನ.

"ಅಪ್ಪಾ! ಇದೇನಪಾ?"

ಅಪ್ಪ ಕಪ್ಪಿನಾಗಿನ ಚಾ ಬಸಿಗೆ ಸುರುವಿಕೊಂಡು ಆರಿಸಿಕೊಂತ ಅಂದ, "ಬಾಯಿ ಎಲ್ಲಾರ ಕಡೆ, ಕಣ್ಣು ಒಬ್ಬನ ಕಡೆ. ಮೂವತ್ತೆಂಟು ವರ್ಷ ಪರೀಕ್ಷಾದಾಗ ಕಾಪಿ ಹೊಡಿಯೋರನ್ನ ಹಿಡದಾಂವ ನಾ. ನೀ ಯಾವ ಸಾಲೀಕಿ?"

ಹನ್ನೆರಡನೇ ಮೊಳಿ

ಧಾರವಾಡದಾಗ ಪ್ರದರ್ಶನ ಸುರು ಆತು. ಹನ್ನೊಂದು ಫೋಟೋ ಸಾಲಾಗಿ ಹಾಕಿದ್ದೆ. ಹನ್ನೆರಡನೇ ಮೊಳಿ ಖಾಲಿ ಬಿಟ್ಟು, ಕೆಳಗ "ಅಪ್ಪ" ಅಂತ ಚೀಟಿ ಅಂಟಿಸಿದ್ದೆ. ಅಂವಗ ಚುರುಕ್ ಅನ್ನಲಿ ಅಂತನ ಮಾಡಿದ್ದು. ಅಪ್ಪ ಬಂದ, ನೋಡಿದ. ಮೊಣಕಾಲು ನೋಯ್ತಾವಂತ ಅದೇ ಮೊಳಿ ಕೆಳಗಿನ ಬೆಂಚಿನ ಮ್ಯಾಲ ಕುಂತಬಿಟ್ಟ.

ಅಷ್ಟ್ರಾಗ ಧೋತರಾ ಉಟ್ಟ ಹಿರಿಯರೊಬ್ಬರು ಬಂದ್ರು. ಚಪ್ಪಲಿ ಹೊರಗ ಬಿಟ್ರು. ಮೊದಲನೇ ಫೋಟೋ ಮುಂದ ನಿಂತು ಕಣ್ಣು ಮುಚ್ಚಿ ಕೈ ಮುಗದ್ರು. ಎರಡನೇದಕ್ಕೂ ಮುಗದ್ರು. ಹನ್ನೊಂದಕ್ಕೂ ಮುಗದು ಖಾಲಿ ಮೊಳಿ ಹತ್ರ ಬಂದು, ಬೆಂಚಿನ ಮ್ಯಾಲಿದ್ದ ಅಪ್ಪನ್ನ ಕೇಳಿದ್ರು, "ಇವ್ರು?"

"ಇವ್ರು ಇನ್ನೂ ಅದಾರ್ರಿ," ಅಂದ ಅಪ್ಪ.

"ಅಯ್ಯ ಪಾಪ. ಎಲ್ಲಾರೂ ಹೋಗಿ ಇವರೊಬ್ಬರ ಉಳದಾರಲ್ರೀ. ಒಬ್ಬರ ಉಳಿಯೋದು ಭಾಳ ಕಠಿಣ," ಅಂತ ಹಿರಿಯರು ಮುಂದ ಸರದ್ರು.

ಅಪ್ಪ ಗೋಣು ತಿರುಗಿಸಿ ಹನ್ನೊಂದೂ ಫೋಟೋ ಸಾಲಾಗಿ ನೋಡಿದ. ಆಮ್ಯಾಲ ನನ್ನ ಕರದ. "ಲಗೂ ಕ್ಯಾಮರಾ ತಾ. ಹನ್ನೊಂದು ಮಂದೀನ ಕೊಂದು ನನ್ನೊಬ್ಬನ್ನ ಉಳಿಸೀದಿ. ನೋಡಿದ ಮಂದಿ ನನಗ ಏನಂದಾರು?"

ನಾ ಓಡಿ ಹೋಗಿ ಕ್ಯಾಮರಾ ತಂದೆ. "ಬೆಂಚಿನ ನಡುವ ಕುಂಡ್ರಪಾ" ಅಂದೆ. ಅಂವ ನಡುವ ಕುಂಡ್ರಲಿಲ್ಲ. ಒಂದು ತುದೀಗೆ ಸರದ, ಹೆಗಲ ಮ್ಯಾಲಿನ ಟವೆಲ್ ತಗದು ಬಾಜೂಕಿನ ಖಾಲಿ ಜಾಗಾದಾಗ ಹಾಸಿದ.

ನನಗ ಒಮ್ಮೆಲೆ ತಿಳೀತು. ಅವ್ವ ಅದ ಸುಳ್ಳದಾಗ ಅಂಗನವಾಡ್ಯಾಗ ಕಲಸತಿದ್ಲು. ಇಬ್ಬರದೂ ದಿನಾ ಒಂದ ಬಸ್ಸು. ಅಪ್ಪ ಮುಂದ ಓಡಿ, ಕಿಡಕ್ಯಾಗಿಂದ ಟವೆಲ್ ಒಗದು ಆಕಿಗೆ ಸೀಟು ಹಿಡೀತಿದ್ದ. ಆಕಿ ಕಂಡ ಕಂಡವರನ್ನ ಮಾತಾಡಿಸಿಕೊಂತ ಹಿಂದಿಂದ ಬರತಿದ್ಲು. ಅಪ್ಪ ಗ್ವಾಡಿ ಏರಾಕ ಅಂಜಿರಲಿಲ್ರಿ. ಒಬ್ಬನ ಏರಾಕ ಒಲ್ಲೆ ಅಂದಿದ್ದ. ನನ್ನ ಕಣ್ಣು ತುಂಬಿ ಕ್ಯಾಮರಾದಾಗ ಏನೂ ಕಾಣವಲ್ದಾಗಿತ್ತು.

ಕಣ್ಣು ಒರಿಸಿಕೊಂಡು ಇನ್ನೇನು ಒತ್ತಬೇಕು, ಹನ್ನೊಂದು ಮಂದಿಗೆ ಕೈ ಮುಗದು ದಣದಿದ್ದ ಆ ಹಿರಿಯರು ಬಂದು, ಟವೆಲ್ ಎತ್ತಿ ಕುಂಡ್ರಾಕ ಹೋದ್ರು.

"ಏ ಏ ಏ! ಸೀಟ್ ಐತ್ರಿ ಅಲ್ಲಿ!" ಅಪ್ಪ ಇಡೀ ಗ್ಯಾಲರಿ ಕೇಳೋಹಂಗ ಒದರಿ ಟವೆಲ್ ಮ್ಯಾಲ ಕೈ ಇಟ್ಟ. ನಾ ಒತ್ತಿದೆ. ಬಾಯಿ ತೆರದೈತಿ, ಎರಡೂ ಕಣ್ಣು ಕೆಂಡ ಆಗ್ಯಾವ. ಹನ್ನೆರಡನೇ ಮೊಳಿಗೆ ಈಗ ಅದ ಫೋಟೋ ಐತಿ.

ಹಿರಿಯರು ಗಾಬರಿಯಾಗಿ ಹಿಂದ ಸರದ್ರು. "ತಪ್ಪಾತ್ರಿ. ಬರಾಕತ್ತಾರೇನ್ರಿ ಅವರು?"

"ಇಲ್ರಿ," ಅಂದ ಅಪ್ಪ. "ಆಕಿ ಮುಂಚಿನ ಬಸ್ಸಿಗೆ ಹೋದ್ಲು."

"ಮತ್ತ ಸೀಟ್ ಯಾಕ ಹಿಡದೀರಿ?"

ಅಪ್ಪ ಟವೆಲ್ಲಿನ ಮಡಿಕಿ ಬಿಡಿಸಿ ಮತ್ತೊಮ್ಮೆ ಸರಿಯಾಗಿ ಹಾಸಿದ. "ಇರಲಿ ಬಿಡ್ರಿ. ಕಂಡಕ್ಟರ್ ಬಂದು ಕೇಳಿದ್ರ ನೋಡೂಣು."