ಮದರಾಸಿನ ಹಾಡಿಗೆ ದಂಡಿನ ಸ್ಪೀಕರು

ದೊಡ್ಡಬಳ್ಳಾಪುರದ ಸೀರೆ ವ್ಯಾಪಾರಿ ಅಪ್ಪಯ್ಯಣ್ಣನವರ ಪ್ರಕಾರ ಅವರ ಮನೆಯಲ್ಲಿ ಕೆಟ್ಟಿದ್ದ ವಸ್ತು ಒಂದೇ, ರೇಡಿಯೋ. ಉಳಿದಂತೆ ಹಿತ್ತಿಲಿನ ಎಂಟು ಕರೆಂಟು ಮಗ್ಗಗಳು, ಹೆಂಡತಿ ರುಕ್ಮಿಣಮ್ಮನವರ ನಾಲಗೆ, ಎಲ್ಲವೂ ಸುಸ್ಥಿತಿಯಲ್ಲಿ ಓಡುತ್ತಿದ್ದವು.

"ಬಾಯ್ತುಂಬ ಕಡಲೆ ಇಟ್ಕೊಂಡು ಮಾತಾಡ್ತದೆ, ದರಿದ್ರದ ಪೆಟ್ಟಿಗೆ!"

"ನನಗೆ ಚೆನ್ನಾಗೇ ಕೇಳ್ತದಲ್ಲ? ಒಂದ್ಸಲ ಕಿವಿ ತೋರಿಸ್ಕೊಂಡು ಬನ್ನಿ ಅಂದ್ರೆ..."

"ನನ್ನ ಕಿವಿಗೇನಾಗಿದ್ಯೇ? ಎಂಟು ಮಗ್ಗ ಓಡ್ತಿದ್ರೂ ಕೂಲಿಯವ್ರು ನನ್ನ ಬೈದದ್ದು ಕೇಳ್ತದೆ!"

(ಅದು ನಿಜವೇ. ಅದಕ್ಕೇ ಕೂಲಿಯವರು ಗೋಡೆ ಕಡೆ ತಿರುಗಿ ಬೈಯುತ್ತಿದ್ದರು.)

ಅವಸರಕ್ಕೆ ಕಾರಣವಿತ್ತು. ಮದರಾಸಿಗೆ ಕೊಟ್ಟಿದ್ದ ಮಗಳು ಲಕ್ಷ್ಮೀದೇವಿ ಕಾಗದ ಬರೆದಿದ್ದಳು: 'ಶುಕ್ರವಾರ ಸಂಜೆ ಆರಕ್ಕೆ ಮದರಾಸು ರೇಡಿಯೋದಲ್ಲಿ ದೇವರನಾಮ ಹಾಡುತ್ತೇನೆ. ಅಪ್ಪ ಒಂದು ಸಲ ಕೇಳಲಿ.' ಹದಿನೇಳು ವರ್ಷ ಅದೇ ಮನೆಯಲ್ಲಿ ಹಾಡಿಕೊಂಡು ಬೆಳೆದ ಹುಡುಗಿ. ಅವಳು ಬಾಯಿ ತೆರೆದಾಗಲೆಲ್ಲ ಮಗ್ಗ ಓಡುತ್ತಿತ್ತು. "ಒಂದ್ಗಳಿಗೆ ನಿಲ್ಸಿ ಕೇಳಪ್ಪಾ" ಎಂದರೆ "ನಾಳೆ ಕಣಮ್ಮ" ಎನ್ನುತ್ತಿದ್ದರು. ಆ ನಾಳೆ ತಾಳಿ ಕಟ್ಟಿಸಿಕೊಂಡು ರೈಲು ಹತ್ತಿಹೋಗಿತ್ತು.

ಪಕ್ಕದ ಮನೆಯ ರಾಮಾಂಜಿನಪ್ಪ ಒಮ್ಮೆ ಸ್ವಂತ ಸೈಕಲ್ಲನ್ನು ತಾನೇ ಬಿಚ್ಚಿ ಜೋಡಿಸಿದ್ದರಿಂದ ಆ ಬೀದಿಗೆ ಯಂತ್ರಶಾಸ್ತ್ರ ಪಾರಂಗತ. "ಅಣ್ಣಾ, ಒಳಗಿರೋ ಸ್ಪೀಕರು ಅಂಗೈಯಗಲ. ಹೊರಗಿಂದ ದೊಡ್ಡದೊಂದು ತಗಲಿಸ್ಬೇಕು" ಎಂದ. ಯುದ್ಧ ಮುಗಿದು ಬೆಂಗಳೂರಿನ ದಂಡು ಪ್ರದೇಶದಲ್ಲಿ ಮಿಲಿಟರಿ ಸಾಮಾನು ಹರಾಜಾಗುತ್ತಿದ್ದ ಕಾಲ. ಅಪ್ಪಯ್ಯಣ್ಣ ಹೋಗಿ ಮೊರದಗಲದ ಸ್ಪೀಕರು ತಂದರು. ತಂತಿ ಎಳೆದು ಬಿಗಿದರು.

"ಈಗ ಹೆಂಗಣ್ಣಾ?"

"ಇನ್ನೂ ಕಡಲೆ."

ರಾಗಿಯ ಗುಡಾಣ ಖಾಲಿ ಮಾಡಿ ಅದರ ಬಾಯಿಗೆ ಸ್ಪೀಕರನ್ನು ಪ್ರತಿಷ್ಠಾಪಿಸಿದರು. ಬೀದಿ ನಾಯಿಗಳು ಊರು ಬಿಟ್ಟವು. ಎದುರು ಮನೆಯ ಪಾಪಮ್ಮ ತೊಟ್ಟಿಲ ಕೂಸನ್ನೆತ್ತಿಕೊಂಡು ಜಗಳಕ್ಕೇ ಬಂದರು.

"ಸದ್ದೇನೋ ದಪ್ಪಗಾಯ್ತು," ಎಂದರು ಅಪ್ಪಯ್ಯಣ್ಣ, "ಮಾತೇ ತಿಳೀತಿಲ್ಲ."

ಶುಕ್ರವಾರ ಬಂತು. ಕೆಲಸದ ದಿನ ಆ ಎಂಟು ಮಗ್ಗಗಳು ನಿಂತದ್ದು ಅದೇ ಮೊದಲು. ಬೀದಿಗೆ ಬೀದಿಯೇ ಪಡಸಾಲೆಯಲ್ಲಿ ಕೂತಿತು. ಆರು ಹೊಡೆಯಿತು, ಹಾಡು ಶುರುವಾಯಿತು. ರುಕ್ಮಿಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು, ಜಗಳಗಂಟಿ ಪಾಪಮ್ಮ ಕೂಡ ಮೂಗು ಸೀಟಿದರು. ಅಪ್ಪಯ್ಯಣ್ಣನವರಿಗೆ ಮಾತ್ರ ಗುಡಾಣದಲ್ಲಿ ದುಂಬಿ ಸಿಕ್ಕಿಕೊಂಡಂತೆ ಗುಂಯ್ ಎನ್ನುತ್ತಿತ್ತು. ಇಷ್ಟು ಜನರೆದುರು ಅದನ್ನು ಹೇಳುವುದು ಹೇಗೆ? ಕಣ್ಣು ಮುಚ್ಚಿದರು. ತೊಡೆಯ ಮೇಲೆ ತಾಳ ಹಾಕಿದರು. ಆಹಾ ಎಂದು ತಲೆದೂಗಿದರು. ಕಣ್ಣಿಂದ ನೀರಿಳಿಯಿತು. ಅದೊಂದು ಮಾತ್ರ ನಾಟಕವಲ್ಲ.

ಯಾರೋ ಮೊಣಕೈ ತಿವಿದರು. ಕಣ್ಣು ಬಿಟ್ಟರೆ ಎದುರಿಗೆ ರುಕ್ಮಿಣಮ್ಮ.

"ಹಾಡು ಮುಗಿದು ಆಗ್ಲೇ ಎರಡು ನಿಮಿಷ ಆಯ್ತು ಕಣ್ರೀ. ಈಗ ಯಾರೋ ತಮಿಳಲ್ಲಿ ರೇಷನ್ ಅಕ್ಕಿ ವಿಚಾರ ಓದ್ತಿದಾನೆ. ತಾಳ ನಿಲ್ಸಿ."

ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ಆದರೆ ಮಗ್ಗುಲಲ್ಲೇ ಕೂತಿದ್ದ ರಾಮಾಂಜಿನಪ್ಪ ಇತ್ತ ತಿರುಗಲಿಲ್ಲ. ಯಾರೂ ತಿರುಗಲಿಲ್ಲ. ಸದ್ದಿನ ನಡುವೆ ಮಗ್ಗದ ಮನೆಯಲ್ಲಿ ಎಲ್ಲರೂ ಮಾಡುವಂತೆ ಆಕೆ ದನಿಯಿಲ್ಲದೆ ಬರೀ ತುಟಿ ಆಡಿಸಿದ್ದರು.

ತಾಳದ ಕೈ ಹಾಗೇ ನಿಂತಿತು. ಇಷ್ಟು ವರ್ಷ ತಾನು ಕೇಳುತ್ತಿದ್ದದ್ದೆಲ್ಲ ಕಣ್ಣಿನಿಂದ ಎಂಬುದು ಅಪ್ಪಯ್ಯಣ್ಣನವರಿಗೆ ಆಗ ಹೊಳೆಯಿತು. ರೇಡಿಯೋಗೆ ತುಟಿಯಿರಲಿಲ್ಲ.

ಅವರೂ ದನಿಯಿಲ್ಲದೆ ಕೇಳಿದರು: "ಹೆಂಗೆ ಹಾಡಿದ್ಲೇ?"

"ನಿಮ್ಮನ್ನ ಎದುರಿಗೆ ಕೂರಿಸ್ಕೊಂಡಂಗೆ ಹಾಡಿದ್ಲು."

ಅಷ್ಟರಲ್ಲಿ ರಾಮಾಂಜಿನಪ್ಪ ಹೆಮ್ಮೆಯಿಂದ ಎದ್ದು ಮುಂದೆ ಬಂದು ನಿಂತ. "ಏನಣ್ಣಾ, ಈಗ್ಲಾದ್ರೂ ಕೇಳಿಸ್ತಾ?"

"ಒಂದಕ್ಷರ ಬಿಡದಂಗೆ ಕೇಳಿಸ್ತು ಕಣಪ್ಪಾ" ಎಂದರು ಅಪ್ಪಯ್ಯಣ್ಣ. ಅಷ್ಟು ದೊಡ್ಡ ಸುಳ್ಳನ್ನು ಅವರು ಸೀರೆ ಮಾರುವಾಗಲೂ ಹೇಳಿರಲಿಲ್ಲ.